ಮೂರು ಕಾಲಿನ ಐಸಿ ಮತ್ತು ಪಕ್ಕದ ಕೋಣೆ

ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸುಟ್ಟುಹೋದದ್ದು ಒಂದು ಟಿವಿ ಗೇಮ್. ಸುಟ್ಟವಳು ನಾನು. ಅದು ಸುಡುವಂತೆ ಮನೆಯ ಕಟ್ಟಳೆಯನ್ನು ಕಟ್ಟಿಟ್ಟವರು ಹಿರಿಯರು. ಫಲವನ್ನು ಉಂಡವಳು ನನ್ನ ಅಕ್ಕ ಶೈಲಜ, ಅವಳೊಬ್ಬಳೇ. ಆಗ ಅವಳಿಗೆ ಹದಿನಾರು ವರ್ಷ, ನನಗೆ ಹನ್ನೆರಡು.

ಜಂಗಮಕೋಟೆಯ ಆ ಮನೆಯನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಗೋಡೆಗಳ ಮೇಲೆ ಓಡಿದ್ದ ಮರದ ಪಟ್ಟಿಗಳು, ಅವುಗಳೊಳಗೆ ಅಡಗಿದ್ದ ವೈರುಗಳು. ಮುಂಬಾಗಿಲಿನ ಮೇಲಿನ ಮೀಟರಿನಿಂದ ಹೊರಟ ಪಟ್ಟಿ ನಡುಮನೆಗೆ ಬಂದು ಟಿವಿಗೆ, ಫ್ಯಾನಿಗೆ, ದೇವರ ಪಟದ ಮುಂದಿನ ಕೆಂಪು ಬಲ್ಬಿಗೆ ಕರೆಂಟು ಹಂಚಿ, ಅಡುಗೆಮನೆಗೆ ಒಂದು ಬಲ್ಬು, ಒಂದು ಪ್ಲಗ್ಗು ಕೊಟ್ಟು, ಹಿಂಬಾಗಿಲಿನ ಮೇಲಿನಿಂದ ಹಾರಿ ಅಂಗಳದಾಚೆಯ ಹುಳದ ಮನೆಗೆ ಹೋಗುತ್ತಿತ್ತು. ಹುಳದ ಮನೆಯಲ್ಲಿ ನಾಲ್ಕು ಬಲ್ಬು, ಎರಡು ಪ್ಲಗ್ಗು, ಚಳಿಗೆ ಹೀಟರು, ಸೆಕೆಗೆ ಫ್ಯಾನು ಇದ್ದವು. ರೇಷ್ಮೆ ಹುಳುವಿಗೆ ಥಂಡಿಯೂ ತಾಗಬಾರದು, ಧಗೆಯೂ ತಾಗಬಾರದು. ಅದರ ಯೋಗಕ್ಷೇಮವನ್ನು ಮನೆಯವರೆಲ್ಲ ದಿನಕ್ಕೆ ಹತ್ತು ಸಲ ವಿಚಾರಿಸುತ್ತಿದ್ದರು. ಹಿಂಬಾಗಿಲಿಗೂ ಹುಳದ ಮನೆಗೂ ನಡುವೆ, ಹಿತ್ತಲ ಜಗಲಿಗೆ ಅಂಟಿಕೊಂಡಂತೆ, ಇನ್ನೊಂದು ಕೋಣೆಯಿತ್ತು. ನಾವು ಅದನ್ನು ಪಕ್ಕದ ಕೋಣೆ ಎನ್ನುತ್ತಿದ್ದೆವು. ಗೋಣಿಚೀಲಗಳು, ಸೊಪ್ಪು ಹೆಚ್ಚುವ ಮೊಂಡುಗತ್ತಿಗಳು, ಮುರಿದ ಬಿದಿರು ತಟ್ಟೆಗಳು, ಅವುಗಳ ನಡುವೆ ಒಂದು ಚಾಪೆ. ಮುಟ್ಟಾದ ಹೆಂಗಸರು ತಿಂಗಳಿಗೆ ಮೂರು ದಿನ ಅಲ್ಲಿರಬೇಕಿತ್ತು. ವೈರು ಆ ಕೋಣೆಯ ಸೂರಿನ ಮೇಲೆಯೇ ಹಾದುಹೋಗುತ್ತಿತ್ತು. ಒಳಗೆ ಮಾತ್ರ ಇಳಿದಿರಲಿಲ್ಲ. ಹುಳುವಿಗೆ ದೊರೆತ ಬೆಳಕು ಹೆಣ್ಣಿಗೆ ದೊರೆಯಲಿಲ್ಲ. ಇದನ್ನು ಸಂಪ್ರದಾಯ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಇದು ಅನ್ಯಾಯ, ಮತ್ತು ಅದನ್ನು ಮಾಡಿದವರಿಗೆ ಹೆಸರುಗಳಿವೆ.

ಮನೆಯ ಯಜಮಾನರು ದೊಡ್ಡಪ್ಪ, ಅಪ್ಪನ ಅಣ್ಣ. ಅವರು ಕೂಗಾಡುವವರಲ್ಲ, ಕೈಯೆತ್ತುವವರಲ್ಲ. ಊಟಕ್ಕೆ ಕುಳಿತಾಗ ಮುದ್ದೆ ಮುರಿಯುತ್ತ ತಗ್ಗಿದ ದನಿಯಲ್ಲಿ ಒಂದು ಮಾತು ಆಡುತ್ತಿದ್ದರು, ಅದು ತೀರ್ಮಾನವಾಗುತ್ತಿತ್ತು. ಅಪ್ಪ ಅವರೆದುರು ಮಾತನಾಡಿದ್ದನ್ನು ನಾನು ಕಂಡಿಲ್ಲ. ಗಂಡಸರು ನಡುಮನೆಯಲ್ಲಿ ಟಿವಿ ನೋಡುತ್ತ ಮೊದಲು ಉಣ್ಣುತ್ತಿದ್ದರು. ಆಮೇಲೆ ಅಮ್ಮ, ಅಕ್ಕ, ನಾನು ಅಡುಗೆಮನೆಯಲ್ಲಿ ಉಳಿದ ಸಾರಿನೊಂದಿಗೆ ಕೂರುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಇದ್ದವರ ತಟ್ಟೆಯನ್ನು ಅಜ್ಜಿ ಹೊಸ್ತಿಲ ಬಳಿ ಇಟ್ಟು, ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದರು. ಅಜ್ಜಿಯೂ ತಮ್ಮ ಕಾಲದಲ್ಲಿ ಅದೇ ಹೊಸ್ತಿಲಿನ ಒಳಗೆ ತಟ್ಟೆಗಾಗಿ ಕಾದವರೇ. ಇದು ನನಗೆ ಇಂದಿಗೂ ಅಚ್ಚರಿ ತರುವ ಸಂಗತಿ.

ಅಕ್ಕ ಶಿಡ್ಲಘಟ್ಟದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಬಸ್ ನಿಲ್ದಾಣದ ಹಾದಿಯಲ್ಲಿ ಅನ್ವರ್ ಭಾಯಿ ಎಂಬವರ ರೇಡಿಯೋ ಟಿವಿ ರಿಪೇರಿ ಅಂಗಡಿ. ಬಸ್ಸು ತಡವಾದ ದಿನಗಳಲ್ಲಿ ಅವಳು ಅಲ್ಲಿ ನಿಂತು ನೋಡಲಾರಂಭಿಸಿದಳು; ಅವರು ಒಂದು ಸ್ಟೂಲು ಕೊಟ್ಟರು; ಎರಡು ವರ್ಷಗಳಲ್ಲಿ ಅವಳು ಸತ್ತ ರೇಡಿಯೋಗಳನ್ನು ಮಾತಾಡಿಸುವಷ್ಟು ಕಲಿತಳು. ಊರಿನಲ್ಲಿ ಇದಕ್ಕೂ ಮಾತು ಬಂತು. ಹೆಣ್ಣುಮಗಳು ಅಂಗಡಿಯಲ್ಲಿ ಕೂರುವುದು ಒಂದು ತಪ್ಪು, ಅಂಗಡಿಯವರು ಮುಸಲ್ಮಾನರೆಂಬುದು ಇನ್ನೊಂದು. ಅವೆರಡೂ ತಪ್ಪುಗಳಲ್ಲ, ಹಾಗೆ ಮಾತನಾಡಿದ್ದೇ ತಪ್ಪು. ನಾನು ಓದುತ್ತಿದ್ದುದು ಬೇರೆ ಬಗೆಯ ಒಂದು ಸಣ್ಣ ಶಾಲೆಯಲ್ಲಿ. ಅಲ್ಲಿ ಪರೀಕ್ಷೆಗಿಂತ ಪ್ರಶ್ನೆಗೆ ಬೆಲೆ ಹೆಚ್ಚು. ನಮ್ಮ ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’ ಎಂದು ಬರೆಸುತ್ತಿದ್ದರು. ಅಕ್ಕನಿಗೆ ಆ ಗೆರೆ ಬಹಳ ಹಿಡಿಸಿತ್ತು.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವಳು ಚಿಂತಾಮಣಿಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಅರ್ಜಿ ತಂದಳು. ಅರ್ಜಿ ತುಂಬಿ ನಡುಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಳು. ಅಪ್ಪನ ಸಹಿಯೊಂದು ಬಾಕಿಯಿತ್ತು. ಕೊನೆಯ ದಿನ ಒಂದು ಸೋಮವಾರ. ಅಪ್ಪ ಪೆನ್ನು ಹಿಡಿಯುವ ಮೊದಲು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಮುದ್ದೆ ಮುರಿದರು.

“ಎಲೆಕ್ಟ್ರಾನಿಕ್ಸ್ ಅಂತೆ. ಮನೇಲಿ ಒಂದು ಸಾಮಾನು ನೆಟ್ಟಗೆ ಮಾಡಿ ತೋರ್ಸಮ್ಮ ಮೊದ್ಲು. ಆಮೇಲೆ ನಿಮ್ಮಪ್ಪನ ಕೈಲಿ ಸೈನ್ ಹಾಕ್ಸಣ.”

“ಏನ್ ಮಾಡಿ ತೋರ್ಸ್ಲಿ ದೊಡ್ಡಪ್ಪ?”

“ಅದ್ನೂ ನಾನೇ ಹೇಳ್ಬೇಕಾ? ಡಿಪ್ಲೊಮಾ ಓದೋಳು ನೀನು.”

ಗಂಡುಮಕ್ಕಳು ಕಾಲೇಜಿಗೆ ಸೇರುವಾಗ ನಮ್ಮ ಮನೆಯಲ್ಲಿ ಯಾರೂ ಯಾವ ಸಾಮಾನನ್ನೂ ಮಾಡಿ ತೋರಿಸಿರಲಿಲ್ಲ. ದೊಡ್ಡಪ್ಪನ ಮಗ ಮಂಜಣ್ಣ ಆಗ ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದ. ಅವನನ್ನು ಸೇರಿಸುವ ಮುನ್ನ ಕೇಳಿದ ಒಂದೇ ಪ್ರಶ್ನೆ ಬಸ್ ಪಾಸಿನದು. ಆದರೆ ಅಕ್ಕ ಇದನ್ನು ಅವಮಾನವೆಂದು ಎಣಿಸಲಿಲ್ಲ. ಅವಳಿಗೆ ಅದು ಒಳ್ಳೆಯ ಲೆಕ್ಕವೊಂದನ್ನು ಕೊಟ್ಟಂತಾಯಿತು. ಎರಡು ದಿನ ಮನೆಯನ್ನೆಲ್ಲ ಸುತ್ತಿ, ಮಂಜಣ್ಣ ಬಿಸಾಡಿದ್ದ ಟಿವಿ ಗೇಮನ್ನು ಅಟ್ಟದಿಂದ ಇಳಿಸಿದಳು. ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ರಿಮೋಟು, ಮೇಲೆ ಕ್ಯಾಸೆಟ್ಟು ಕೂರುವ ಬಾಯಿ. ಎಲಿಮಿನೇಟರಿನ ಪಿನ್ನು ಹೊಗುವ ತೂತು ಸಡಿಲವಾಗಿ, ವೈರನ್ನು ಒಬ್ಬರು ಒತ್ತಿ ಹಿಡಿದರೆ ಮಾತ್ರ ಇನ್ನೊಬ್ಬರು ಆಡಬಹುದಿತ್ತು. ಗೋಡೆಯ ಕರೆಂಟನ್ನು ಇಳಿಸಿ ಒಂಬತ್ತು ವೋಲ್ಟು ಮಾಡುವ ಕಪ್ಪು ಡಬ್ಬಿಗೆ ನಾವೆಲ್ಲ ಆಗ ಎಲಿಮಿನೇಟರ್ ಎನ್ನುತ್ತಿದ್ದೆವು.

“ಇದನ್ನ ಗೋಡೆಯಿಂದ ಬಿಡಿಸ್ತೀನಿ ಕಣೇ,” ಎಂದಳು ಅಕ್ಕ. “ಬ್ಯಾಟ್ರಿಗೆ ಹಾಕಣ. ಅನ್ವರ್ ಭಾಯಿ ಹತ್ರ ಅಂಗೈಯಗಲದ್ದು ಬ್ಲಾಕ್ ಅಂಡ್ ವೈಟ್ ಟಿವಿ ಐತೆ, ಅದೂ ಹನ್ನೆರಡು ವೋಲ್ಟಿನ ಬ್ಯಾಟ್ರಿಗೇ ಓಡ್ತೈತೆ. ಕರೆಂಟು ಹೋದಾಗ ಎಲ್ರೂ ಸುಮ್ನೆ ಕೂತಿರ್ತಾರಲ್ಲ, ಆವಾಗ ಜಗಲಿ ಮೇಲೆ ಇಟ್ಟು ಆನ್ ಮಾಡಣ. ದೊಡ್ಡಪ್ಪಂಗೆ ಇನ್ನೇನು ತೋರ್ಸ್ಬೇಕು?”

ಶುಕ್ರವಾರ ಅಂಗಡಿ ಮುಚ್ಚಿರುತ್ತದೆಂದು ಗುರುವಾರವೇ ಹೋದೆವು. ಅನ್ವರ್ ಭಾಯಿ ಪುಟ್ಟ ಟಿವಿ, ಕಂಪ್ಯೂಟರ್ ಯುಪಿಎಸ್‌ನಿಂದ ತೆಗೆದ ಬ್ಯಾಟರಿ, ವೋಲ್ಟು ಅಳೆಯುವ ಕೈಮೀಟರು, ಸೋಲ್ಡರಿಂಗ್ ಐರನ್ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಟ್ಟರು.

“ಪ್ಲಸ್ ಯಾವ್ದು, ಮೈನಸ್ ಯಾವ್ದು, ಐದು ವೋಲ್ಟ್ ಎಲ್ಲೈತೆ, ಎಲ್ಲಾ ಹುಡುಕ್ಬುಟ್ಟು ಆಮೇಲೆ ಬ್ಯಾಟ್ರಿ ಕೊಡಿ. ವೈರಿಂದು ಬಣ್ಣ ನಂಬ್ಬೇಡಿ. ಚೈನಾದವ್ರು ಇರೋ ವೈರ್ ಹಾಕಿರ್ತಾರೆ. ಮೀಟರ್ ನಂಬಿ, ಸಮ್ಝೇ?”

“ಹೂಂ ಭಾಯಿ.”

“ಸುಟ್ಟೋದ್ರೆ ಅಳ್ತಾ ಬರ್ಬೇಡಿ. ನಗ್ತಾ ಬನ್ನಿ, ಯಾಕೆ ಸುಡ್ತು ಅಂತ ಹೇಳಿಬುಟ್ಟು ಹೋಗಿ.”

ಶನಿವಾರ ಮಾಡುವುದೆಂದು ನಿಶ್ಚಯಿಸಿದ್ದೆವು. ಶನಿವಾರ ಬೆಳಗಿನ ಜಾವ ಅಕ್ಕನಿಗೆ ಮುಟ್ಟಾಯಿತು.

ಮೂರು ದಿನವೆಂದರೆ ಸೋಮವಾರ ಕಳೆಯುವವರೆಗೆ. ಕಾಯುವಂತಿರಲಿಲ್ಲ. ಅಕ್ಕ ಚಾಪೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಮೊಣಕಾಲಿಗೆ ಗದ್ದ ಒತ್ತಿಕೊಂಡಿದ್ದಳು. ಆಮೇಲೆ ತಲೆಯೆತ್ತಿ, ಕೈ ನಿನ್ನದು, ಕಣ್ಣು ನನ್ನದು, ನಾನು ಹೇಳಿದಂತೆ ನೀನು ಮಾಡು ಎಂದಳು. ನಾನು ಹಿತ್ತಲ ಜಗಲಿಯ ಮೇಲೆ, ಅವಳ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ಗೋಣಿತಟ್ಟು ಹಾಸಿ ಕುಳಿತೆ. ಅಡುಗೆಮನೆಯ ಪ್ಲಗ್ಗಿನಿಂದ ಕಿಟಕಿಯ ಮೂಲಕ ಒಂದು ಉದ್ದದ ವೈರು ಎಳೆದೆವು. ದಿನವೂ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತಿತ್ತು. ಅಷ್ಟರೊಳಗೆ ಅಳೆಯುವುದು, ಬೆಸುಗೆ ಹಾಕುವುದು ಎರಡೂ ಮುಗಿಯಬೇಕಿತ್ತು. ಅಜ್ಜಿ ಹಿಂಬಾಗಿಲಲ್ಲಿ ಅವರೆಕಾಳು ಹಸನು ಮಾಡುತ್ತ ಕಾವಲು ಕುಳಿತರು.

“ಅವಳ ಹತ್ರ ಹೋಗ್ಬೇಡ ಪಾಪಮ್ಮ. ತಗುಲಿದ್ರೆ ತಲೆಗೆ ಸ್ನಾನ ಮಾಡ್ದೆ ಹುಳದ ಮನೆ ಒಳಕ್ಕೆ ಬಿಡಲ್ಲ. ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದೈತೆ, ಮೈಲಿಗೆ ತಡ್ಕಳಲ್ಲ.”

“ಅಜ್ಜಿ, ಹುಳಕ್ಕೆ ಯಾರು ಹೇಳ್ತಾರೆ, ನಾನು ಅಕ್ಕನ್ನ ಮುಟ್ಟಿದ್ದು?”

“ಏಮೇ, ನಿಮ್ಮ ಇಸ್ಕೂಲಲ್ಲಿ ಇದನ್ನೇ ಹೇಳ್ಕೊಡೋದು?”

ಪೆಟ್ಟಿಗೆಯ ಐದು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ನನಗೆ ನಿರಾಶೆಯಾಯಿತು. ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಅಂಗೈಯಷ್ಟು ಬೋರ್ಡು, ಉಳಿದದ್ದೆಲ್ಲ ಖಾಲಿ. ಬೋರ್ಡಿನ ನಡುವೆ ಕರಿ ಅರಗಿನ ಉಂಡೆ, ಮೂಲೆಯಲ್ಲಿ ಬೆಳ್ಳಿ ಬಣ್ಣದ ತಗಡಿನ ಡಬ್ಬಿ, ಇನ್ನೊಂದು ಮೂಲೆಯಲ್ಲಿ ತಲೆಗೆ ತೂತಿದ್ದ, ಮೂರು ಕಾಲುಗಳ ಕಪ್ಪು ತುಂಡು. ನಾನು ಒಂದೊಂದನ್ನೂ ವರ್ಣಿಸುತ್ತ ಹೋದೆ, ಅಕ್ಕ ಕತ್ತು ನೀಡಿ ನೋಡುತ್ತ ಒಂದೊಂದಕ್ಕೂ ಹೆಸರು ಹೇಳಿದಳು. ಕರಿ ಉಂಡೆಯೊಳಗೆ ಆಟವನ್ನೆಲ್ಲ ನಡೆಸುವ ಐಸಿ ಇದೆ, ಅದು ಐದು ವೋಲ್ಟಿಗಿಂತ ಹೆಚ್ಚು ತಡೆಯದು. ಮೂರು ಕಾಲಿನದು ಹೊರಗಿಂದ ಬಂದ ಹೆಚ್ಚಿನ ಕರೆಂಟನ್ನು ತಾನು ತಡೆದು ಐದನ್ನು ಮಾತ್ರ ಒಳಕ್ಕೆ ಬಿಡುವ ಐಸಿ. ನಾವು ಬ್ಯಾಟರಿಯನ್ನು ಕೊಡಬೇಕಾದುದು ಇದರ ಒಳಬರುವ ಕಾಲಿಗೆ. ಯಾವುದು ಆ ಕಾಲು ಎಂಬುದೇ ಆ ದಿನದ ಪ್ರಶ್ನೆ.

“ಮೊದ್ಲು ಮೈನಸ್ ಹುಡುಕು. ಮೀಟರನ್ನ ಬೀಪ್‌ಗೆ ಹಾಕು. ಕಪ್ಪು ಕಡ್ಡಿನ ತಗಡಿನ ಡಬ್ಬಿ ಮೇಲಿಡು. ಕೆಂಪು ಕಡ್ಡಿನ ಸುಮ್ನೆ ಎಲ್ಲಾ ಕಡೆ ಮುಟ್ಟಿಸ್ತಾ ಬಾ.”

ಮುಟ್ಟಿಸುತ್ತ ಹೋದೆ. ಟಿವಿ ವೈರು ಕೂರುವ ಬಳೆಯ ಬಳಿ ಬೀಪ್ ಎಂದಿತು. ಬೋರ್ಡಿನ ಅಂಚಿನ ಅಗಲವಾದ ತಾಮ್ರದ ಪಟ್ಟಿಯಲ್ಲಿ ಬೀಪ್ ಎಂದಿತು. ರಿಮೋಟಿನ ಒಂದು ವೈರಿನಲ್ಲಿ, ಸ್ವಿಚ್ಚಿನ ತಗಡಿನಲ್ಲಿ, ಕೊನೆಗೆ ಮೂರು ಕಾಲಿನದರ ನಡುಗಾಲಿನಲ್ಲಿ ಬೀಪ್ ಎಂದಿತು. ದೂರದೂರದಲ್ಲಿದ್ದ, ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಇಷ್ಟೊಂದು ಜಾಗಗಳು ಕರೆಂಟಿನ ಪಾಲಿಗೆ ಒಂದೇ ಜಾಗವೆಂಬುದು ನನಗೆ ನಂಬಲಾಗಲಿಲ್ಲ. ಮತ್ತೆ ಮತ್ತೆ ಮುಟ್ಟಿಸಿ ನೋಡಿದೆ. ಅಜ್ಜಿ ಕಾಳು ಬಿಟ್ಟು ಇತ್ತ ತಿರುಗಿದರು.

“ಅದೇನೇ ಅದು ಕೀಚ್ ಕೀಚ್ ಅಂತೈತೆ, ಇಲಿ ಮರಿ ಥರ?”

“ಮೈನಸ್ ಸಿಕ್ತು ಅಜ್ಜಿ.”

“ಸಿಕ್ಕಿದ್ರೆ ಎತ್ತಿಟ್ಕೊ. ಕಿರುಚಿಸ್ಬೇಡ.”

ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಎಲಿಮಿನೇಟರಿನ ಪಿನ್ನನ್ನು ಅಳೆದೆವು. ಪಿನ್ನಿನ ಹೊರಮೈ ಮೈನಸ್, ಒಳತೂತು ಪ್ಲಸ್ ಎಂದು ಇಬ್ಬರೂ ಅಂದುಕೊಂಡಿದ್ದೆವು. ಮುಟ್ಟುವ ಕಡೆ ಪ್ಲಸ್ ಇಟ್ಟಾರೆಯೇ ಎಂಬ ತರ್ಕ. ಮೀಟರು ಅಂಕಿಯ ಹಿಂದೆ ಒಂದು ಅಡ್ಡಗೆರೆ ತೋರಿಸಿತು. ಅಂದರೆ ತಿರುಗಾಮುರುಗಾ: ಹೊರಗೆ ಪ್ಲಸ್, ಒಳಗೆ ಮೈನಸ್. ಆ ಅಡ್ಡಗೆರೆಯನ್ನು ನೋಡಿ ಅಕ್ಕನಿಗಾದ ಸಂತೋಷವನ್ನು ನಾನು ಮರೆತಿಲ್ಲ. ತಾನು ಅಂದುಕೊಂಡದ್ದು ಸುಳ್ಳಾಯಿತೆಂದು ಅಷ್ಟು ಹಿಗ್ಗಿದವರನ್ನು ನಾನು ಆ ಮನೆಯಲ್ಲಿ ಬೇರೆ ನೋಡಿಲ್ಲ. ಇಂದು ಸಭೆಗಳಲ್ಲಿ, ಕಚೇರಿಗಳಲ್ಲಿ ನನ್ನ ಮಾತು ತಪ್ಪೆಂದು ಯಾರಾದರೂ ತೋರಿಸಿಕೊಟ್ಟಾಗ ಸಿಟ್ಟು ಬರುವ ಮೊದಲು ನನಗೆ ಆ ಮುಖ ನೆನಪಾಗುತ್ತದೆ, ಸಿಟ್ಟು ಎಷ್ಟೋ ಸಲ ಅಲ್ಲಿಯೇ ನಿಲ್ಲುತ್ತದೆ.

ಪಿನ್ನನ್ನು ತೂತಿಗೆ ಒತ್ತಿ ಹಿಡಿದು ಆನ್ ಮಾಡಿದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಮೀಟರಿನ ಕೆಂಪು ಕಡ್ಡಿ. ಮೂರು ಕಾಲಿನದರ ಬರಹ ನನ್ನತ್ತ ಇತ್ತು. ಎಡಗಾಲಿನಲ್ಲಿ ಹತ್ತರ ಆಸುಪಾಸು. ನಡುಗಾಲಿನಲ್ಲಿ ಸೊನ್ನೆ. ಬಲಗಾಲಿನಲ್ಲಿ ಐದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ಐದು. ನೋಟ್‌ಬುಕ್ಕಿನ ಎಡಗಡೆ, ‘ಕಂಡದ್ದು’ ಎಂಬುದರ ಕೆಳಗೆ ಬರೆದೆ: ಎಡ ಹತ್ತು, ನಡು ಸೊನ್ನೆ, ಬಲ ಐದು. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಎಲ್ಲಿ ನಿಂತು ಕಂಡದ್ದು ಎಂಬುದನ್ನು ಮಾತ್ರ ಬರೆಯಲಿಲ್ಲ.

“ಎಡಗಾಲಿಗೆ ಕೆಂಪು ವೈರು, ನಡುಗಾಲಿಗೆ ಕಪ್ಪು. ಬೇಗ ಬೇಗ. ಎರಡಾಗ್ತಾ ಬಂತು.”

ಬೆಸುಗೆ ಹಾಕುವುದು ಬೋರ್ಡಿನ ಬೆನ್ನಿಗೆ. ಕಾಲುಗಳ ತುದಿ ಅಲ್ಲಿ ಹೊರಬಂದಿರುತ್ತವೆ. ನಾನು ಬೋರ್ಡನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಬೆಳಕಿಗಾಗಿ ಅಂಗಳದತ್ತ ಮುಖ ಮಾಡಿ ಕುಳಿತೆ. ಅಕ್ಕನಿಗೆ ಕಾಣುತ್ತಿದ್ದುದು ನನ್ನ ಬೆನ್ನು. ಎಡಗಡೆಯ ತುದಿಗೆ ಕೆಂಪು ವೈರು ಇಟ್ಟೆ, ನಡುವಿನದಕ್ಕೆ ಕಪ್ಪು. ಲೆಡ್ಡು ಕರಗಿ ಹೊಳೆದು ಗಟ್ಟಿಯಾಯಿತು. ಅದೇ ಗಳಿಗೆಗೆ ನಡುಮನೆಯ ಟಿವಿ ಬಾಯಿ ಮುಚ್ಚಿತು, ಕರೆಂಟು ಹೋಗಿತ್ತು.

“ಎಡಗಡೇದಕ್ಕೇ ಹಾಕ್ದಾ?”

“ಹೂಂ, ಎಡಗಡೇದಕ್ಕೇ.”

“ಎಲ್ಲಿ, ಇತ್ತ ತಾ. ಒಂದ್ಸಲ ನಾನೇ ನೋಡ್ತೀನಿ.”

ಅವಳು ಕೈ ಚಾಚಿದಳು. ನಾನು ಎದ್ದೆ. ಅಜ್ಜಿ ಕಾಳಿನ ಮೊರವನ್ನು ಕೆಳಗಿಟ್ಟರು. ನನ್ನತ್ತ ನೋಡಿದರು, ಅಷ್ಟೆ. ಅಕ್ಕ ಮುಟ್ಟಿದ ಬೋರ್ಡನ್ನು ನಾನು ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಹಂಡೆಯಲ್ಲಿ ಬಿಸಿನೀರಿರಲಿಲ್ಲ, ಇನ್ನರ್ಧ ಗಂಟೆಯಲ್ಲಿ ಹುಳುವಿಗೆ ಸೊಪ್ಪು ಹಾಕುವ ಸರದಿ ನನ್ನದು. ಇಷ್ಟನ್ನೂ ಲೆಕ್ಕ ಹಾಕಿ ನಾನು ಮತ್ತೆ ಕುಳಿತೆ. ಈ ಬರಹದಲ್ಲಿ ತಪ್ಪುಗಳನ್ನೆಲ್ಲ ಹೆಸರಿಟ್ಟು ಕರೆಯುವವಳು ಇದನ್ನು ಬಿಡಲಾಗದು: ಆ ಕುಳಿತದ್ದು ನನ್ನ ತಪ್ಪು. ಹುಳು ನನ್ನನ್ನು ತಡೆಯಲಿಲ್ಲ, ತಣ್ಣೀರು ತಡೆಯಿತು.

ಅಷ್ಟರಲ್ಲಿ ದೊಡ್ಡಪ್ಪ, ಅಪ್ಪ, ಮಂಜಣ್ಣ ಜಗಲಿಗೆ ಬಂದರು. ಟಿವಿ ಇಲ್ಲದ ಮಧ್ಯಾಹ್ನ ಅವರಿಗೆ ಬೇರೆ ಕೆಲಸವಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ನಿಂತಳು.

“ಏನಮ್ಮ ಇಂಜಿನಿಯರ್‍ರು, ಆಯ್ತಾ?” ಎಂದರು ದೊಡ್ಡಪ್ಪ.

“ಆಯ್ತು ದೊಡ್ಡಪ್ಪ,” ಎಂದಳು ಅಕ್ಕ ಒಳಗಿನಿಂದ.

“ಕರೆಂಟಿಲ್ದೆ ಆಡ್ಬೋದು?”

“ಗೋಡೆ ಬೇಕಾಗಿಲ್ಲ. ಹೊಲಕ್ಕೆ ಬೇಕಾದ್ರೂ ಎತ್ಕೊಂಡು ಹೋಗ್ಬೋದು.”

“ಹೊಲದಲ್ಲಿ ಗೇಮ್ ಆಡ್ಕೊಂಡು ಕೂತ್ರೆ ಸೊಪ್ಪು ಕೀಳೋರ್ ಯಾರು?” ಎಂದು ಮಂಜಣ್ಣ ನಕ್ಕ.

ಪುಟ್ಟ ಟಿವಿಗೆ ಬ್ಯಾಟರಿ ಕೊಟ್ಟೆ. ಬೂದಿಯ ಬಣ್ಣದ ಚುಕ್ಕೆಗಳು ಕುಣಿದವು. ಎಲ್ಲರೂ ಬಗ್ಗಿದರು. ದೊಡ್ಡಪ್ಪ ಕೂಡ ಪಂಚೆ ಮಡಚಿ ಕುಕ್ಕರುಗಾಲಲ್ಲಿ ಕುಳಿತರು. ಅಕ್ಕ ಕೊನೆಯ ಸಲ, ಮೀಟರಿಟ್ಟು ಕೆಂಪು ವೈರಿಗೂ ಎಡಗಾಲಿಗೂ ಬೀಪ್ ಬರುತ್ತದೆಯೇ ನೋಡು ಎಂದಳು. ಬೋರ್ಡು ಇನ್ನೂ ಮಗುಚಿಯೇ ಇತ್ತು. ಎಡಗಡೆಯ ತುದಿಗೆ ಇಟ್ಟೆ, ಬೀಪ್ ಬಂತು. ಬಂತು ಎಂದೆ. ಆಮೇಲೆ ಕೆಂಪು ವೈರನ್ನು ಬ್ಯಾಟರಿಗೆ ಮುಟ್ಟಿಸಿದೆ.

ಚುಕ್ಕೆಗಳು ಚುಕ್ಕೆಗಳಾಗಿಯೇ ಇದ್ದವು. ಕರಿ ಅರಗಿನ ಉಂಡೆಯ ಕಡೆಯಿಂದ ಸುಟ್ಟ ಕೊಬ್ಬರಿ ಚಿಪ್ಪಿನಂಥ ವಾಸನೆ ಬಂತು, ಒಂದೆಳೆ ಹೊಗೆ ಎದ್ದಿತು. ವೈರು ಕಿತ್ತೆ. ಉಂಡೆಯನ್ನು ಮುಟ್ಟಿದರೆ ಬೆರಳು ಚುರ್ ಎಂದಿತು.

“ಹೊರಗಿರೋಳು ಕೂತ್ಕಂಡು ಮಾಡ್ಸಿದ್ರೆ ಇನ್ನೇನಾಗ್ತದೆ,” ಎಂದರು ಅಜ್ಜಿ.

ದೊಡ್ಡಪ್ಪ ನನ್ನತ್ತ ತಿರುಗಿದರು. “ಅವಳು ಮುಟ್ಟಿದ್ಲೇನಮ್ಮ?”

ಇಲ್ಲ ಎಂದಿದ್ದರೆ ಸುಟ್ಟವಳು ನಾನೊಬ್ಬಳೇ ಆಗುತ್ತಿದ್ದೆ. “ಅಕ್ಕ ಹೇಳ್ದಂಗೇ ಮಾಡ್ದೆ,” ಎಂದೆ. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವರು ಅದನ್ನು ತಮಗೆ ಬೇಕಾದಂತೆ ತೆಗೆದುಕೊಂಡರು.

ಪಕ್ಕದ ಕೋಣೆಯಿಂದ ಅಕ್ಕನ ದನಿ ಬಂತು. ಅದರಲ್ಲಿ ಅಳುವಿರಲಿಲ್ಲ. “ಆ ಬೋರ್ಡ್ ಕೊಡ್ರೀ ಇಲ್ಲಿ. ಎಲ್ಲಿ ತಪ್ಪಾಯ್ತು ನೋಡ್ಬೇಕು.”

ಯಾರೂ ಕೊಡಲಿಲ್ಲ.

“ಬಿಡಮ್ಮ,” ಎಂದರು ದೊಡ್ಡಪ್ಪ, ಪಂಚೆ ಕೊಡವಿ ಏಳುತ್ತ. “ಮನೇದೇನೋ ಆಟದ ಸಾಮಾನು, ಹೋಯ್ತು. ಕಾಲೇಜಲ್ಲೂ ತಿಂಗಳಿಗೆ ಮೂರು ದಿನ ಹಿಂಗೇ ಒಂದೊಂದು ಮಿಶಿನ್ ಸುಟ್ಕೊಂಡು ಬಂದ್ರೆ ಅವ್ರು ಸುಮ್ನಿರ್ತಾರಾ?”

ಭಾನುವಾರ ಬೆಳಗ್ಗೆ ಮೀಟರು ಹಿಂತಿರುಗಿಸಲು ಅಪ್ಪನ ಮೊಪೆಡ್ಡಿನಲ್ಲಿ ಶಿಡ್ಲಘಟ್ಟಕ್ಕೆ ಹೋದೆ. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯತ್ತ ಹೋಗಿ ಬರುವಷ್ಟರಲ್ಲಿ ಅನ್ವರ್ ಭಾಯಿ ಬೋರ್ಡನ್ನು ಕೈಯಲ್ಲಿ ಹಿಡಿದು ಒಮ್ಮೆ ಮಗುಚಿದರು, ಒಮ್ಮೆ ನೆಟ್ಟಗೆ ಮಾಡಿದರು. ಹತ್ತು ಎಣಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

“ಮುಂದ್ಗಡೆಯಿಂದ ಎಡ ಅಲ್ವಾ ಬೇಟಾ? ತಿರುವಿ ಹಾಕಿದ್ರೆ ಎಡ ಬಲ ಆಗ್ತೈತೆ. ಐದು ಹೋಗೋ ಕಾಲಿಗೆ ಹನ್ನೆರಡು ಕೊಟ್ಬುಟ್ಟಿದೀಯ. ಐಸಿ ಬಚಾವಾಗಲ್ಲ. ಶೈಲಾ ಕೈಯಾಗೆ ಹಿಡ್ಕಂಡಿದ್ರೆ ಇದು ಆಗ್ತಾನೇ ಇರ್ಲಿಲ್ಲ. ಯಾಕೆ, ಅವಳೆಲ್ಲಿದ್ದಳು?”

ಎಲ್ಲಿದ್ದಳೆಂದು ಹೇಳಲು ನನಗೆ ನಾಚಿಕೆಯಾಯಿತು. ಅವರು ಅರ್ಥಮಾಡಿಕೊಂಡು ಬೇರೆ ಕಡೆ ನೋಡಿದರು, ಅಂಥದೇ ಹಳೆಯ ಬೋರ್ಡೊಂದನ್ನು ಹುಡುಕಿ ಚೀಲಕ್ಕೆ ಹಾಕಿದರು.

ಮರಳುವಾಗ ಊರಿನ ಕೆರೆ ಏರಿಯ ಬಳಿ ಮೊಪೆಡ್ಡಿನ ಹಿಂದಿನಿಂದ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಮುಟ್ಟಲಿಲ್ಲ, ತಪ್ಪು ಕಾಲಿಗೆ ಹಾಕಿದವಳು ನಾನು, ಅವಳು ಕೇಳಿದಾಗ ಬೋರ್ಡು ಕೊಡಲಿಲ್ಲ. ಅಪ್ಪ ಗಾಡಿ ನಿಲ್ಲಿಸಿದರು. ನಿಲ್ಲಿಸಿದರೆಂದು ನನಗೆ ಆಸೆ ಹುಟ್ಟಿತು.

“ಗೊತ್ತಾಯ್ತು ಕಣಮ್ಮ,” ಎಂದರು. “ಅಣ್ಣನ ಮುಂದೆ ಈಗ ಮತ್ತೆ ಅದನ್ನ ತೆಗೀಬೇಡ.”

“ನಾಳೆ ಲಾಸ್ಟ್ ಡೇಟ್ ಅಪ್ಪ.”

“ಹೂಂ.”

ಅಪ್ಪ ಗಾಡಿಯನ್ನು ಮತ್ತೆ ಹೊರಡಿಸಿದರು. ಸೋಮವಾರ ಬೆಳಗ್ಗೆ ಕ್ಯಾಲೆಂಡರಿನ ಹಿಂದೆ ಅರ್ಜಿಯಿತ್ತು, ಸಂಜೆಯೂ ಇತ್ತು. ಅಮ್ಮ ಎರಡು ಸಲ ಪೆನ್ನನ್ನು ಅಪ್ಪನ ತಟ್ಟೆಯ ಪಕ್ಕ ತಂದಿಟ್ಟಳು. ಎರಡು ಸಲವೂ ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಮಂಗಳವಾರ ಅಕ್ಕ ತಲೆಗೆ ಎರೆದುಕೊಂಡು ಹೊರಬಂದಳು. ಒದ್ದೆಗೂದಲಿನಲ್ಲೇ ಅನ್ವರ್ ಭಾಯಿಯ ಹಳೆಯ ಬೋರ್ಡನ್ನು ಕೈಗೆತ್ತಿಕೊಂಡು, ಎರಡು ಬೆರಳಿನಿಂದ ಮೂರು ಕಾಲಿನದರ ಮುಖವನ್ನೂ ಬೆನ್ನನ್ನೂ ಒಟ್ಟಿಗೆ ಹಿಡಿದು, ಮುಂದಿನ ಎಡಗಾಲು ಹಿಂದೆ ಎಲ್ಲಿ ಬರುತ್ತದೆಂದು ಬೆರಳಿನಿಂದಲೇ ಕಂಡುಕೊಂಡಳು. ಅಡುಗೆ ಆಗುವಷ್ಟರಲ್ಲಿ ಬೆಸುಗೆ ಮುಗಿದಿತ್ತು. ಎರಡಕ್ಕೆ ಕರೆಂಟು ಹೋಯಿತು. ಅಂಗೈಯಗಲದ ಪರದೆಯ ಮೇಲೆ ಬಿಳಿಯ ಪುಟ್ಟ ಟ್ಯಾಂಕೊಂದು ಗೋಡೆಗಳನ್ನು ಒಡೆಯುತ್ತ ಓಡಿತು. ಮಂಜಣ್ಣ ಆಡಿದ. ಅಪ್ಪ ನಿಂತು ನೋಡಿದರು. ಕೊನೆಗೆ ದೊಡ್ಡಪ್ಪ ರಿಮೋಟಿಗೆ ಕೈ ಚಾಚಿದರು.

“ಎಲ್ಲಿ, ನಂಗೊಂದ್ಸಲ ಕೊಡಮ್ಮ. ಇದ್ಯಾವ ಬಟನ್ನು, ಗುಂಡು ಹೊಡ್ಯೋದು?”

ಅಕ್ಕ ತೋರಿಸಿಕೊಟ್ಟಳು. ಅರ್ಜಿಯ ಮಾತನ್ನು ಯಾರೂ ಎತ್ತಲಿಲ್ಲ. ಅವಳು ಆಮೇಲೆ ಬಿ.ಎ. ಓದಿದಳು, ಗೌರಿಬಿದನೂರಿಗೆ ಮದುವೆಯಾಗಿ ಹೋದಳು, ಈಗಲೂ ಅಲ್ಲಿದ್ದಾಳೆ. ಅವಳು ದೂರಿಲ್ಲ ಎಂಬುದನ್ನೇ ನಮ್ಮ ಮನೆಯವರು ತಮ್ಮ ಪರವಾದ ಸಾಕ್ಷಿಯಂತೆ ಹೇಳಿಕೊಳ್ಳುತ್ತಾರೆ. ದೂರದಿರುವುದು ಒಪ್ಪಿಗೆಯಲ್ಲ. ಆ ಭಾನುವಾರ ಶಿಡ್ಲಘಟ್ಟದಿಂದ ಮರಳಿ ಅವಳಿಗೆ ನಾನು ನಡೆದದ್ದನ್ನು ಹೇಳಿದಾಗ, ಛೆ, ಮಗುಚಿದ್ದು ನನಗೆ ಹೊಳೆಯಲಿಲ್ಲವಲ್ಲ ಎಂದಳು. ತನ್ನ ತಪ್ಪನ್ನು ಮಾತ್ರ ಹುಡುಕಿಕೊಂಡಳು. ಆ ಮನೆಯಲ್ಲಿ ತಪ್ಪು ಹುಡುಕಿಕೊಂಡವಳು ಅವಳೊಬ್ಬಳೇ.

ಅಪ್ಪ, ದೊಡ್ಡಪ್ಪ, ಇದನ್ನು ನೀವಿಬ್ಬರೂ ಓದುತ್ತೀರಿ ಎಂದು ಗೊತ್ತಿದ್ದೇ ಬರೆದಿದ್ದೇನೆ. ನನ್ನ ಪಾಲಿನ ತಪ್ಪನ್ನು ಮೇಲೆ ಬರೆದಿದ್ದೇನೆ, ಅಕ್ಕನ ಎದುರಿಗೂ ಹೇಳಿದ್ದೇನೆ. ಈಗ ನಿಮ್ಮ ಸರದಿ. ಇಬ್ಬರೂ ಒಟ್ಟಿಗೆ ಗೌರಿಬಿದನೂರಿಗೆ ಹೋಗಿ. ಫೋನು ಬೇಡ, ನನ್ನ ಮೂಲಕ ಹೇಳಿ ಕಳಿಸುವುದೂ ಬೇಡ. ಅವಳ ಮನೆಯ ನಡುಮನೆಯಲ್ಲಿ, ಅವಳ ಗಂಡ ಮಕ್ಕಳು ಕೇಳುವಂತೆ ಹೇಳಿ. ಅಪ್ಪ, ನಿನಗೆ ಭಾನುವಾರವೇ ನಿಜ ತಿಳಿದಿತ್ತು, ಸೋಮವಾರ ನೀನು ಸಹಿ ಹಾಕಲಿಲ್ಲ ಎಂದು ನೀನು ಹೇಳು. ದೊಡ್ಡಪ್ಪ, ಅವಳು ಮುಟ್ಟಿದ್ದರಿಂದ ಅದು ಸುಡಲಿಲ್ಲ, ಅವಳನ್ನು ಮುಟ್ಟಗೊಡದಿದ್ದುದರಿಂದ ಸುಟ್ಟಿತು ಎಂದು ನೀವು ಹೇಳಿ.